ಬಾರದವರಿಗೆ ಫೋನ್ ಮಾಡುವ ಎವ್ಲಿನ್

ಶಕ್ತಿನಗರದ ಎವ್ಲಿನ್ ಮೂವತ್ತೆರಡು ವರ್ಷ ನರ್ಸ್ ಆಗಿದ್ದವರು. ಕ್ಷಯದ ರೋಗಿ ಒಂದು ದಿನ ಮಾತ್ರೆಗೆ ಬಾರದಿದ್ದರೆ ಮನೆಗೆ ಫೋನ್ ಮಾಡಿ, ಮನೆಯವರನ್ನೆಲ್ಲ ಗದರಿಸಿ ಕರೆಸಿಕೊಳ್ಳುತ್ತಿದ್ದರು. ಎಷ್ಟೋ ಜೀವ ಹಾಗೆ ಉಳಿದಿವೆ. ಆ ಹೆಮ್ಮೆಯೇ ತನ್ನ ತಲೆ ಕೆಡಿಸಿತು ಎಂದು ಈಗ ಅವರೇ ಹೇಳುತ್ತಾರೆ.

ನಿವೃತ್ತಿಯ ನಂತರ ಪಡೀಲಿನ ಒಂದು ಬಾಡಿಗೆ ಕೋಣೆಗೆ ಶನಿವಾರ ಹೋಗತೊಡಗಿದರು. ಅಲ್ಲಿ ಶರೊನ್ ಎಂಬ ಆಪ್ತ ಸಮಾಲೋಚಕಿ ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನರೊಡನೆ ಉಚಿತವಾಗಿ ಕೂತು ಮಾತಾಡುತ್ತಾಳೆ. ಬಾಗಿಲಲ್ಲಿ ಬಂದವರನ್ನು ಕೂರಿಸುವುದು, ಚಹಾ ಕೊಡುವುದು, ಫಾರ್ಮು ತುಂಬಿಸುವುದು ಎವ್ಲಿನ್‌ರ ಕೆಲಸ. ನಿಯಮ ಒಂದೇ: ಬಾರದವರ ಮನೆಗೆ ಫೋನ್ ಮಾಡಬಾರದು.

ಬೋಳಾರದ ರೋಷನ್‌ಗೆ ಇಪ್ಪತ್ತಮೂರು; ಮೀನಿನ ದೋಣಿಗಳು ನಿಲ್ಲುವ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಕೆಲಸ. ಮೊದಲ ಶನಿವಾರ ಮಾತೇ ಇಲ್ಲ. ಮೂರನೆಯದಕ್ಕೆ, "ಆಂಟಿ, ಈ ವಾರ ಒಳ್ಳೆ ನಿದ್ದೆ ಬಂತು ಮಾರಾಯ್ರೆ" ಎಂದು ನಕ್ಕಿದ್ದ. ನಾಲ್ಕನೆಯ ಶನಿವಾರ ಬರಲಿಲ್ಲ. ಅವನ ಫೋನ್ ಸ್ವಿಚ್ ಆಫ್. ಏನಾದರೂ ಮಾಡಿಕೊಂಡನೇ? ಶರೊನ್ ಒಳಗೆ ಬೇರೊಬ್ಬರೊಡನೆ ಇದ್ದಳು. ಹತ್ತು ನಿಮಿಷ ಕಾಯಬಹುದಿತ್ತು. ಕಾಯಲಿಲ್ಲ. ಫಾರ್ಮಿನಲ್ಲಿ ತುರ್ತಿಗೆಂದು ಅವನು ಬರೆದಿದ್ದ ಇನ್ನೊಂದು ನಂಬರು ಒತ್ತಿದರು.

ಎತ್ತಿದ್ದು ತಾಯಿ ಕುಮುದಿನಿ, ಮೀನು ಮಾರುವವಳು. ರೋಷನ್ ಇವತ್ತು ಕೌನ್ಸೆಲಿಂಗ್‌ಗೆ ಬರಲಿಲ್ಲವಲ್ಲ ಎಂದು ಎವ್ಲಿನ್ ಕೇಳಿದರು. "ಕೌನ್ಸೆಲಿಂಗಾ? ನನ್ನ ಮಗನಿಗೆ ಎಂತ ಕಾಯಿಲೆ?"

"ಕಾಯಿಲೆ ಎಂತದ್ದೂ ಇಲ್ಲಮ್ಮ. ಗಂಡಸರನ್ನೇ ಇಷ್ಟಪಡುವ ಹುಡುಗರು ಇಲ್ಲಿಗೆ ತುಂಬ ಜನ ಬರ್ತಾರೆ. ಹೆದರ್ಬೇಡಿ."

ಸಮಾಧಾನಕ್ಕೆಂದು ಆಡಿದ ಮಾತು. ಆ ಕಡೆ ಫೋನ್ ಕಟ್ಟಾಯಿತು. ರೋಷನ್ ಜ್ವರ ಬಂದು ಒಳಗೆ ಮಲಗಿದ್ದ, ಅಷ್ಟೇ. ಸಂಜೆಯೊಳಗೆ ಆ ಜ್ವರದಲ್ಲೇ ಮನೆ ಬಿಟ್ಟ. ಶರೊನ್‌ಗೆ ಮೆಸೇಜ್ ಬಂತು: "ನಿಮ್ಮನ್ನು ನಂಬಿದ್ದೆ. ಇನ್ನು ಬರುವುದಿಲ್ಲ. ಫೋನ್ ಮಾಡಬೇಡಿ."

ಶರೊನ್ ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು. ಎವ್ಲಿನ್ ಪಾಪನಿವೇದನೆ ಮಾಡಿದರು, ಪಾದ್ರಿ ಕ್ಷಮೆ ಕೊಟ್ಟರು. ಕ್ಷಮಿಸಬೇಕಾದವನು ಪಾದ್ರಿಯಲ್ಲವಲ್ಲ ಎಂದು ಇಗರ್ಜಿಯ ಮೆಟ್ಟಿಲು ಇಳಿಯುವಾಗ ಅನ್ನಿಸಿತು.

ಎರಡು ವಾರ ಕಳೆದು ಕುಮುದಿನಿಯೇ ವಿಚಾರಿಸಿಕೊಂಡು ಪಡೀಲಿನ ಕೋಣೆಯ ಬಾಗಿಲಿಗೆ ಬಂದಳು. "ಬಾಯಮ್ಮ," ಕ್ರೈಸ್ತ ಹೆಂಗಸರನ್ನು ಊರಲ್ಲಿ ಕರೆಯುವ ಹಾಗೆಯೇ ಕರೆದಳು, "ಆ ದಿನ ಫೋನ್ ಮಾಡಿದ್ದು ಯಾರು?"

ಸುಳ್ಳು ಹೇಳಬಹುದಿತ್ತು. "ನಾನೇ. ತಪ್ಪು ನನ್ನದೇ."

"ನನ್ನದಲ್ವಾ? ಹುಟ್ಟುವಾಗಲೇ ಸತ್ತಿದ್ರೆ ಆಗ್ತಿತ್ತು ಅಂದೆ ಅವನಿಗೆ." ಅವಳು ಸೆರಗಿನಲ್ಲಿ ಮುಖ ಒರೆಸಿದಳು. "ನನ್ನ ಫೋನ್ ಅವ ತೆಗೆಯುವುದಿಲ್ಲ. ನಿಮ್ಮಲ್ಲಿ ನಂಬರ್ ಉಂಟಲ್ಲ, ಒಂದ್ಸಲ ಮಾಡಿ. ಅಮ್ಮ ಕರೀತಾಳೆ ಅಂತ ಹೇಳಿ, ಸಾಕು."

ಫೋನ್ ಮೇಜಿನ ಮೇಲೇ ಇತ್ತು. ಎವ್ಲಿನ್ ಕೈ ಚಾಚಿ, ಹಿಂದೆಗೆದರು.

"ಮಾಡ್ಲಿಕ್ಕೆ ಆಗುವುದಿಲ್ಲ ಕುಮುದಿನಿ. ಅವ ಬೇಡ ಅಂದಿದ್ದಾನೆ." ಮಾಡಬಾರದ ದಿನ ಮಾಡಿದ್ದಾಗಿತ್ತು. ಮಾಡಬೇಕೆನ್ನಿಸಿದ ಈ ದಿನ ಆ ಹಕ್ಕು ಉಳಿದಿರಲಿಲ್ಲ. "ನೀವು ಬೇಕಾದ್ರೆ ಶರೊನ್ ಹತ್ರ ಕೂತು ಮಾತಾಡಿ."

ಕುಮುದಿನಿ ಕುರ್ಚಿ ಎಳೆದು ಕೂತಳು. ಎವ್ಲಿನ್ ಅವಳಿಗೂ ಒಂದು ಫಾರ್ಮು ಕೊಟ್ಟರು. ತುರ್ತಿಗೆ ಯಾರ ನಂಬರು ಎಂಬಲ್ಲಿ ಅವಳು ಮಗನ ನಂಬರನ್ನೇ ಬರೆದಳು.