ಹೊಸಿಲು ತುಳಿದು ಕರೆಯಲು ಹೋದದ್ದು

ಯುಗಾದಿ ಕಳೆದ ಮರುವಾರ ದಾವಣಗೆರೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಬಂದೆ. ಅಲ್ಲಿಂದ ತಮ್ಮನ ಊರು ಮಾಗಡಿಗೆ ಬಸ್ಸೇ ಗತಿ, ರೈಲಿಲ್ಲ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಆಧಾರ್ ತೋರಿಸಿದರೆ ಕಂಡಕ್ಟರು ಸೊನ್ನೆ ಟಿಕೆಟ್ ಹರಿದು ಕೊಡುತ್ತಾನೆ. ನಮ್ಮ ಯಜಮಾನರು ಛತ್ರ, ಅಡುಗೆಯವರು ಅಂತ ಓಡಾಡುತ್ತಿದ್ದರು, ಜೊತೆಗೆ ಬರಲಿಲ್ಲ. ಒಳ್ಳೆಯದೇ ಆಯಿತು. ಬಂದಿದ್ದರೆ ಊರೂರಿನಲ್ಲೂ ‘ಬೇಗ, ಬೇಗ’ ಅಂತ ನನ್ನ ಪ್ರಾಣ ತಿನ್ನುತ್ತಿದ್ದರು.

ಹೊರಟದ್ದು ಮಗಳ ಮದುವೆಗೆ ಕರೆಯಲು. ಕನಕಪುರದ ಕಡೆ ಇರುವ ನನ್ನ ಸೋದರತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಹೇಗಾದರೂ ಒಪ್ಪಿಸಬೇಕಿತ್ತು. ಅಮ್ಮ ಹೋದ ಮೇಲೆ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ, ತಲೆ ಬಾಚಿ, ಉಣ್ಣಿಸಿ, ದೊಡ್ಡವಳನ್ನು ಮಾಡಿದವಳು ಅವಳು. ನನ್ನ ತಮ್ಮ ತನ್ನ ಮದುವೆಗೆ ಅವಳ ಕರೆಯೋಲೆಯನ್ನು ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅವಳ ಊರಿನವರೊಬ್ಬರ ಕೈಗೆ ಕೊಟ್ಟು ಬಂದುಬಿಟ್ಟ. ನಮ್ಮ ಕಡೆ ಮನೆಮಗಳನ್ನು ಹಾಗೆ ಕರೆಯುವಂತಿಲ್ಲ. ಹೊಸಿಲು ತುಳಿದು, ಕುಂಕುಮ ಇಟ್ಟು ಕರೆಯಬೇಕು. ಅತ್ತೆ ಆ ಮದುವೆಗೆ ಬರಲಿಲ್ಲ. ಆಮೇಲೆ ಅಪ್ಪ ತೀರಿಕೊಂಡಾಗ ಬಂದು ಎದೆ ಬಡಿದುಕೊಂಡು ಅತ್ತಳು. ತಿಥಿಯ ಊಟಕ್ಕೆ ಕೂರದೆ ಎದ್ದು ಹೋದಳು. ನನ್ನ ಹಿರಿಯರು ಅಂತ ಉಳಿದವಳು ಅವಳೊಬ್ಬಳೇ. ಅವಳಿಲ್ಲದೆ ಮಗಳನ್ನು ಧಾರೆ ಎರೆದು ಕೊಡಲು ನನಗೆ ಮನಸ್ಸೇ ಇರಲಿಲ್ಲ.

ಮಾಗಡಿ ದಾರಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಕೊಯ್ಲಾದ ರಾಗಿ ಹೊಲಗಳು, ನಡುನಡುವೆ ತೆಂಗಿನ ತೋಟ, ದಾರಿ ತುಂಬ ಉದುರಿದ ಹೊಂಗೆ ಹೂವು. ತಮ್ಮನ ಮನೆಯಲ್ಲಿ ಮುದ್ದೆ, ಬಸ್ಸಾರು. “ನೀನೂ ಬಾರೋ, ಕಾಲಿಗೆ ಬಿದ್ದರೆ ಮುಗಿಯಿತು” ಅಂದೆ.

“ನಾ ಬಂದ್ರೆ ಇನ್ನೂ ಕೆಟ್ಟೋಯ್ತದೆ ಕಣಕ್ಕ. ನನ್ ಮಖ ಕಂಡ್ರೆ ಬಾಗ್ಲಾಕ್ಕತ್ತಾಳೆ” ಅಂತ ತಲೆ ಎತ್ತದೆ ಮುದ್ದೆ ಮುರಿದ. ಮಾಡುವುದು ಇವನು, ತೊಳೆಯುವುದು ಅಕ್ಕ. ಹಣೆಬರಹ!

ಮಾರನೆಯ ಬೆಳಿಗ್ಗೆ ರಾಮನಗರದ ಬಸ್ಸು ಹತ್ತಿದೆ. ದೊಡ್ಡ ದೊಡ್ಡ ಬಂಡೆಬೆಟ್ಟಗಳು ಎದುರಾದವು. ಪೇಟೆ ಹೊಕ್ಕ ಕೂಡಲೇ ರೇಷ್ಮೆಗೂಡು ಬೇಯಿಸುವ ವಾಸನೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಕಿಟಕಿ ಪೂರಾ ತೆಗೆದೆ. ಅತ್ತೆಯ ಗಂಡ, ನಮ್ಮ ಮಾವ, ಗೂಡು ಮಾರಲು ಇದೇ ಊರಿಗೆ ಬರುತ್ತಿದ್ದರು. ವಾಪಸ್ಸು ಬರುವಾಗ ಅವರ ಅಂಗಿಗೆಲ್ಲ ಈ ವಾಸನೆ, ಜೇಬಿನಲ್ಲಿ ಪೇಪರು ಸುತ್ತಿದ ಗಾಜಿನ ಬಳೆ. ಮಾವ ಹೋಗಿ ಎಷ್ಟೋ ವರ್ಷವಾಯಿತು. ಬಸ್ಸಿನಲ್ಲಿ ಕೂತಲ್ಲೇ ಕಣ್ಣು ತುಂಬಿಕೊಂಡಿತು.

ಚನ್ನಪಟ್ಟಣದಲ್ಲಿ ಇಳಿದದ್ದು ಕುಂಕುಮದ ಭರಣಿ ಕೊಳ್ಳಲು. ಗಲ್ಲಿಯೊಳಗಿನ ಒಂದು ಅಂಗಡಿಯಲ್ಲಿ ವಯಸ್ಸಾದ ಸಾಬರೊಬ್ಬರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚುತ್ತಿದ್ದರು. ಯಾರಿಗೆ ಅಂತ ಕೇಳಿದರು. ಮುನಿಸಿಕೊಂಡ ಸೋದರತ್ತೆಗೆ ಅಂದೆ.

“ಅಯ್ಯೋ ಅಲ್ಲಾ!” ಅಂತ ನಕ್ಕರು. “ನಮ್ಮಲ್ಲೂ ಹಂಗೇ ಅಮ್ಮ. ನಮ್ ಫುಪ್ಪು, ಅದೇ ಅಪ್ಪನ ಅಕ್ಕ, ಮನೇಗೇ ಹೋಗಿ ದಾವತ್ ಹೇಳ್ಬೇಕು. ಇಲ್ಲಾಂದ್ರೆ ಬಿರಿಯಾನಿ ಮುಂದೆ ಇಟ್ರೂ ಮುಟ್ಟಲ್ಲ. ಕೆಂಪುದು ಬ್ಯಾಡ, ಈ ಹಳದಿ ಭರಣಿ ತಗೊಳ್ಳಿ. ಮುನ್ಸು ಇಳೀಲಿ.”

ಕನಕಪುರದಲ್ಲಿ ಭರಣಿಗೆ ಕುಂಕುಮ ತುಂಬಿಸಿ, ಬಾಳೆಹಣ್ಣು, ವೀಳ್ಯದೆಲೆ, ಊದುಬತ್ತಿ ತೆಗೆದುಕೊಂಡೆ. ಮಲ್ಲಿಗೆ ಘಮ್ಮೆನ್ನುತ್ತಿತ್ತು, ಅತ್ತೆಗೆ ಒಂದು ದಂಡೆ ಕಟ್ಟಿಸಿ, ನಾನೂ ಮುಡಿದೆ. ದೊಡ್ಡಆಲಹಳ್ಳಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಅತ್ತೆಯ ಊರಿನ ಗೇಟಿನಲ್ಲಿ ಇಳಿದೆ. ಎರಡೂ ಕಡೆ ಹಿಪ್ಪುನೇರಳೆ ತೋಟ ಹಸಿರು ಹಸಿರಾಗಿತ್ತು.

ಜಗಲಿ ಹತ್ತಿದ್ದೆ ಅಷ್ಟೆ.

“ನಿಂತ್ಕೊಳೇ ಅಲ್ಲೇ!”

ಒಳಗಿನಿಂದ ಅತ್ತೆಯ ಗಂಟಲು. ಹೊರಗಿನ ಸೋಂಕು ಒಳಗೆ ಬಾರದಿರಲೆಂದು ಬಾಗಿಲಿಗೆ ಅಡ್ಡವಾಗಿ ಸುಣ್ಣದ ಪುಡಿ ಚೆಲ್ಲಿತ್ತು. ಒಳಗೆ ನಡುಮನೆಯ ತುಂಬ ಅಟ್ಟಣಿಗೆ, ಅದರ ತುಂಬ ಬಿದಿರಿನ ತಟ್ಟೆ, ತಟ್ಟೆ ತುಂಬ ರೇಷ್ಮೆಹುಳ. “ಮಲ್ಲಿಗೆ ಮುಡ್ಕಂಡು ಹುಳದ್ ಮನೆಗೆ ಬತ್ತಾರೇನೇ? ಇದೇ ಮನೇಲಿ ಬೆಳ್ದೋಳು ನೀನು! ನಾಕ್ನೇ ಜ್ವರ ಎದ್ದವೆ ಹುಳ!”

ಹುಳ ಪೊರೆ ಬಿಡುವುದನ್ನು ಇಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟುವವರೆಗೆ ಹೂವು, ಊದುಬತ್ತಿ, ಪೌಡರು, ಹೊರಗಿನ ಕಾಲು, ಯಾವುದೂ ಹತ್ತಿರ ಸುಳಿಯಬಾರದು. ಮನೆಯವರೇ ಜಗಲಿಯಲ್ಲಿ ಮಲಗುತ್ತಾರೆ. ನಾನೋ, ದೇವಸ್ಥಾನಕ್ಕೆ ಹೋಗುವವಳ ಹಾಗೆ ಘಮಘಮಿಸುತ್ತ ಬಂದಿದ್ದೆ. ನನ್ನ ಬುದ್ಧಿಗಿಷ್ಟು!

ದಂಡೆ ಕಿತ್ತು ದೂರ ಇಟ್ಟು, ಜಗಲಿಯಿಂದಲೇ ಕುಂಕುಮದ ಭರಣಿ ಚಾಚಿದೆ. “ಅತ್ತೆ, ಮಗಳ ಮದುವೆ. ನೀನು ಬರಬೇಕು.”

“ಹೊಸ್ಲಾಚೆ ನಿಂತ್ ಕರುದ್ರೆ ಬರಾಕಿಲ್ಲ” ಅಂದಳು. ಸೊಪ್ಪು ಹಾಕುವ ಕೈ ನಿಲ್ಲಲಿಲ್ಲ. “ಒಳಿಕೂ ಬುಟ್ಕಳಾಕಿಲ್ಲ. ಹುಳ ಕೆಟ್ಟೋದ್ರೆ ನನ್ ಮಗ ಸೊಸೆ ಏನ್ ಮಾಡಾರು?”

ಎರಡೂ ನಮ್ಮದೇ ಪದ್ಧತಿ. ಎರಡನ್ನೂ ನನಗೆ ಕಲಿಸಿದವಳು ಅವಳೇ. ದುಃಖವೂ ಸಿಟ್ಟೂ ಒಟ್ಟಿಗೆ ಬಂತು. “ಹಾಗಾದರೆ ನಾನೇನು ಗಾಳಿಯಲ್ಲಿ ಹಾರಿ ಬರಲಾ?” ಅಂದೆ. ಅತ್ತೆ ಇನ್ನೊಂದು ತಟ್ಟೆ ಎಳೆದುಕೊಂಡಳು.

ಬ್ಯಾಗು ಜಗಲಿಯಲ್ಲೇ ಬಿಟ್ಟು ಹಿತ್ತಲಿಗೆ ನಡೆದೆ. ಅತ್ತೆಯ ಸೊಸೆ ಅಲ್ಲಿ ಸೊಪ್ಪು ಕತ್ತರಿಸುತ್ತಿದ್ದಳು. “ಅತ್ತೇದು ಒಂದು ಹಳೇ ಸೀರೆ ಕೊಡಮ್ಮ” ಅಂದೆ. ಅವಳಿಗೆ ತಕ್ಷಣ ಗೊತ್ತಾಯಿತು. “ಸೋಪಾಕ್ಬ್ಯಾಡಿ ಅಕ್ಕ, ವಾಸ್ನೆ ಬತ್ತದೆ” ಅಂತ ಬಚ್ಚಲ ಬಾಗಿಲು ತೆಗೆದಳು. ತಲೆಗೆ ತಣ್ಣೀರು ಸುರಿದುಕೊಂಡು, ಅತ್ತೆಯ ಸೀರೆ ಉಟ್ಟು, ಒದ್ದೆ ಕೂದಲಿಗೆ ಬಟ್ಟೆ ಸುತ್ತಿ, ಸುಣ್ಣ ತುಳಿದು ಒಳಗೆ ಹೋದೆ. ಕೈಯಲ್ಲಿ ಭರಣಿ ಒಂದೇ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೊಪ್ಪಿನ ಮಂಕರಿ ಮುಂದೆ ತಳ್ಳಿದಳು. “ಹುಳ ಹಸ್ಕಂಡವೆ. ಮೊದ್ಲು ಸೊಪ್ಪಾಕು.”

ಹಾಕಿದೆ. ಒಂದೊಂದೇ ತಟ್ಟೆ ಎಳೆದು, ಹುಳಕ್ಕೆ ಪೆಟ್ಟಾಗದ ಹಾಗೆ ಸೊಪ್ಪು ಹರಡಿದೆ. ಮಂಕರಿ ಖಾಲಿಯಾದ ಮೇಲೆ ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡು, ಮುಖ ಮುಂದಕ್ಕೆ ತಂದಳು. ಮಾವ ಹೋದಮೇಲೆ ಅವಳ ಹಣೆ ಬರಿದಾಗಿತ್ತು. ನಾನು ಕುಂಕುಮ ಇಟ್ಟೇ ಇಟ್ಟೆ. ಬೇಡ ಅನ್ನಲಿಲ್ಲ.

“ಒಸಿ ಬಿರ್ನೆ ಬಂದಿದ್ರೆ ಏನಾಯ್ತಿತ್ತೇ ನಿಂಗೆ?” ಅಂತ ಅತ್ತಳು. ನನಗೂ ಅಳು ತಡೆಯಲಿಲ್ಲ, ಅವಳನ್ನು ತಬ್ಬಿಕೊಂಡೆ. ಆದರೂ “ಮದುವೆಗೆ ಬರ್ತೀಯಾ?” ಅಂದರೆ, “ನೋಡಾನ ನಡಿ” ಅಂತ ತಟ್ಟೆಗಳ ಕಡೆ ತಿರುಗಿಬಿಟ್ಟಳು. ಬರ್ತೀನಿ ಅಂತ ಬಾಯಿ ಬಿಡಲಿಲ್ಲ.

ಸಂಜೆ ನನ್ನ ಸೀರೆ ಉಟ್ಟು ಹೊರಟಾಗ ಅತ್ತೆ ಸುಣ್ಣ ದಾಟಿ ಹಿಂದೆಯೇ ಬಂದಳು. “ಅತ್ತೆ, ಹೊರಗೆ ಬಂದರೆ ಮತ್ತೆ ತಲೆಗೆ ನೀರು ಹಾಕಿಕೋಬೇಕು” ಅಂದೆ. “ಹಾಕ್ಕತ್ತೀನಿ, ನೀರ್ಗೇನ್ ಬರ ಬಂದೈತಾ?” ಅಂದಳು. ಗೇಟಿನವರೆಗೂ ನನ್ನ ಬ್ಯಾಗು ಅವಳೇ ಹಿಡಿದಳು.

ಬಸ್ಸು ಬಂತು. ನಾನು ಹತ್ತಿದ ಮೇಲೆ ಅತ್ತೆ ಬಾಗಿಲ ಕಂಬಿ ಹಿಡಿದು ಕಂಡಕ್ಟರನಿಗೆ ಹೇಳಿದಳು: “ಇವ್ಳು ನಮ್ಮಣ್ಣನ್ ಮಗ್ಳು ಕಣಪ್ಪ. ಒಬ್ಳೇ ಅವ್ಳೆ, ಕನಕಪುರ್ದಾಗೆ ಹುಸಾರಾಗಿ ಇಳ್ಸು. ಬರೋ ತಿಂಗ್ಳು ಇವ್ಳ ಮಗ್ಳ ಮದ್ವೆ. ನಾನೂ ಹೋಯ್ತಾ ಇವ್ನಿ, ಆಗ್ಲೂ ನಿನ್ ಬಸ್ಸೇ. ಮುಂದ್ಗಡೆ ಸೀಟು ಮಡಗು.”

“ಆಯ್ತು ಕಣಜ್ಜಿ” ಅಂತ ಅವನು ಸೀಟಿ ಊದಿದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುವಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಲೆಗೆ ನೀರು ಹಾಕಿಕೊಳ್ಳಲು ಮನೆ ಕಡೆ ಬಿರಬಿರನೆ ನಡೆದಿದ್ದಳು.