ಮರ ಹೋದ ಮೇಲೆ ಉಳಿದ ದಾರಿ

ಎಡನೀರು ಎಂಬ ಊರಿನಿಂದ ಆಚೆ, ಗುಡ್ಡದ ಬುಡದಲ್ಲಿ ಬೆಳಕು ಹರಿಯುತ್ತಿದೆ. ಬಟ್ಯಣ್ಣ ತಲೆಗೆ ಬೈರಾಸು ಸುತ್ತಿ, ಮೊಂಬತ್ತಿ ಹಚ್ಚಿ, ಸೊಂಟ ಬಗ್ಗಿಸಿ ಸುರಂಗದೊಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತು ಪಿಕ್ಕಾಸಿನ ಸದ್ದು. ಆಮೇಲೆ ಅದೂ ಇಲ್ಲ. ಮಣ್ಣು ಹೊರಲು ಹೊರಗೆ ನಿಂತ ಭುಜಂಗನಿಗೆ ಗಾಬರಿಯಿಲ್ಲ. ಅವರು ಕೆಲಸ ನಿಲ್ಲಿಸಿ ಗೋಡೆಗೆ ಕಿವಿ ಇಟ್ಟಿದ್ದಾರೆಂದು ಅವನಿಗೆ ಗೊತ್ತು.

ನೀರಿಗಾಗಿ ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆಯುವ ಈ ಕೆಲಸ ಬಟ್ಯಣ್ಣನಿಗೆ ಅಪ್ಪನಿಂದ ಬಂದದ್ದು. ಈಗ ವಯಸ್ಸು ಅರುವತ್ತು ದಾಟಿದೆ. ಒಮ್ಮೆ ಮಣ್ಣು ಕುಸಿದು ಬಿದ್ದಲ್ಲಿಂದ ಬಲಭುಜ ತಗ್ಗಿದೆ. ಬೋರ್‌ವೆಲ್ ಬಂದ ಮೇಲೆ ಹೊಸ ಸುರಂಗ ಕೇಳುವವರಿಲ್ಲ. ಹಳೆಯದರ ಹೂಳೆತ್ತುವುದೇ ಕಸುಬು. ದಿನಕ್ಕೆ ನಲ್ವತ್ತು ಬುಟ್ಟಿ ಮಣ್ಣಾದರೆ ಹೆಚ್ಚು.

ಕಿವಿ ಇಡುವ ಅಭ್ಯಾಸ ಶುರುವಾದದ್ದು ಹೋದ ವರ್ಷ, ಸೌದಾಮಿನಿಯವರ ಮನೆಯ ಸುರಂಗದಲ್ಲಿ. ನೀರು ಕೆಂಪಾಗಿದೆಯೆಂದು ಕರೆಸಿದ್ದರು. ಒಳಗೆ ಹೋದರೆ ಗೋಡೆಯಲ್ಲಿ ಯಾರೂ ಕೊರೆಯದ ಒಂದು ಬಾಯಿ. ಅದರಿಂದ ತಣ್ಣನೆ ಗಾಳಿ ಬಂದು ಮೊಂಬತ್ತಿಯ ಉರಿ ವಾಲಿತು. ಬಟ್ಯಣ್ಣ ತೆವಳಿದರು. ದಾರಿ ಕವಲೊಡೆಯಿತು, ಕವಲು ಮತ್ತೆ ಕವಲಾಯಿತು. ಸವರಿದರೆ ಮಣ್ಣಿನಲ್ಲಿ ಮರದ ತೊಗಟೆಯ ಅಚ್ಚು. ಅಷ್ಟರಲ್ಲಿ ತಲೆಯ ಮೇಲೆಯೇ ಸೌದಾಮಿನಿ ಅಡುಗೆಮನೆಯಲ್ಲಿ ನಿಂತು ಮಗಳ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿತು. ಒಂದೊಂದು ಶಬ್ದವೂ ಸ್ಪಷ್ಟ.

ಹೊರಗೆ ಬಂದವರು ಕೈಕಾಲು ತೊಳೆಯದೆ ಅಂಗಳದಲ್ಲಿ ನಿಂತು ಹೇಳಿದರು: "ಅಕ್ಕ, ನಿಮ್ಮ ಅಡುಗೆಮನೆಯ ಅಡಿಯಲ್ಲಿ ಎಂತದೂ ಇಲ್ಲ, ಬರೀ ಪೊಳ್ಳು."

ಸೌದಾಮಿನಿಗೆ ನೆನಪಾಯಿತು. ಮನೆ ಕಟ್ಟಲು ಅತ್ತೆಯ ಕಾಲದಲ್ಲಿ ಅಲ್ಲೊಂದು ದೊಡ್ಡ ಧೂಪದ ಮರ ಕಡಿಸಿದ್ದರು. ಬೇರು ಒಳಗೇ ಕೊಳೆತಿತ್ತು, ಗೆದ್ದಲು ತಿಂದಿತ್ತು, ಪ್ರತಿ ಮಳೆಗಾಲ ನೀರು ಅದೇ ಜಾಡಿನಲ್ಲಿ ಹರಿದು ಮಣ್ಣು ಕೊಂಡೊಯ್ದಿತ್ತು. ಅವರು ವಾದ ಮಾಡಲಿಲ್ಲ. ಅಂದೇ ಗಂಡನನ್ನೂ ದನವನ್ನೂ ಕರೆದುಕೊಂಡು ತಂಗಿಯ ಮನೆಗೆ ಹೋದರು.

ಆಟಿ ತಿಂಗಳ ಮಳೆಯಲ್ಲಿ ಒಂದು ಬೆಳಿಗ್ಗೆ ಅಡುಗೆಮನೆ ಇಳಿದುಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹೊಂಡದ ಸುತ್ತ ಬಿರುಕುಗಳು ಎಲ್ಲ ದಿಕ್ಕಿಗೂ ಹಬ್ಬಿದ್ದವು, ಮರ ತಲೆಕೆಳಗಾಗಿ ಮಲಗಿದ ಹಾಗೆ. ನೋಡಿ ಮನೆಗೆ ಬಂದ ಬಟ್ಯಣ್ಣ ಮೊದಲು ತಮ್ಮದೇ ಜಗಲಿಯನ್ನು ಹಿಮ್ಮಡಿಯಿಂದ ಕುಟ್ಟಿ ನೋಡಿದರು.

"ನಾವು ತೋಡಿದ್ದು ನಮಗೆ ನೆನಪುಂಟು," ಎನ್ನುತ್ತಾರೆ ಅವರು. "ಬೇರು ತೋಡಿದ್ದು ಎಲ್ಲೆಲ್ಲ ಉಂಟೋ ಯಾರಿಗೆ ಗೊತ್ತು?"

ಹೆದರಿಕೆಯಿಲ್ಲವೇ ಎಂದರೆ ಉಂಟು ಎಂದೇ ಒಪ್ಪುತ್ತಾರೆ. ಆದರೂ ಕರೆದಲ್ಲಿಗೆ ಹೋಗುತ್ತಾರೆ. ಇನ್ನೇನು ಬೇಕು ಎಂದು ಕೇಳಿದಾಗ ತಲೆಯ ಬೈರಾಸು ಬಿಚ್ಚಿ ಮಣ್ಣು ಕೊಡವುತ್ತಾರೆ.

"ಎಂತ ಬೇಡ. ಮರ ಕಡಿಯುವವರು ನನಗೊಂದು ಮಾತು ಹೇಳಿದರೆ ಸಾಕು, ಅದು ಎಲ್ಲಿ ನಿಂತಿತ್ತು ಅಂತ."