ಟೈರ್ ಅಂಗಡಿಯಲ್ಲಿ ಎಂಟು ಹಾಡು

ಲಾರಿ ಚಕ್ರದ ಟೈರ್ ಕಳಚುವಾಗ ಸುತ್ತಿಗೆ ಏಟು ಎಲ್ಲಿ ಬೀಳಬೇಕು ಅನ್ನೋದು ಪಂಕ್ಚರಕ್ಕನಿಗೆ ಹನ್ನೆರಡನೇ ವಯಸ್ಸಿಗೇ ಗೊತ್ತಿತ್ತು. ಅಂಗಡಿ ಅಪ್ಪನದು. ಅಪ್ಪನಿಗೆ ಕೈ ನಡುಕ ಶುರುವಾದ ಮೇಲೆ ಇವಳ ಹೆಗಲಿಗೆ ಬಂತು. ಹೆಂಗಸು ಟೈರ್ ಬಿಚ್ಚೋದಾ ಎಂದು ಮೂಗು ಮುರಿದಿದ್ದ ಡ್ರೈವರುಗಳು ಈಗ ಅವಳಿಲ್ಲದಿದ್ದರೆ ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ನಲವತ್ತೊಂದಾದರೂ ಮದುವೆಯ ಮಾತೆತ್ತಿದವರಿಗೆ ಒಂದೇ ಉತ್ತರ: "ಸ್ಟೆಪ್ನಿ ಬೇಕು ಅನಿಸಿದಾಗ ನಾನೇ ಹೇಳ್ತೀನಿ."

ಡ್ರಮ್ಸ್ ಹಿಡಿದದ್ದು ಮೂವತ್ತು ದಾಟಿದ ಮೇಲೆ. ಊರು ಬಿಟ್ಟ ಗಿರಾಕಿಯೊಬ್ಬ ಗಾಡಿಯಲ್ಲಿ ಜಾಗ ಸಾಲದೆ ತನ್ನ ಸೆಟ್ಟನ್ನು ಅಂಗಡಿಯಲ್ಲೇ ಬಿಟ್ಟುಹೋಗಿದ್ದ. ನೀರಿನ ಮೀಟರ್ ಓದುವ ಕೆಲಸದ ತಮ್ಮ ಹಾಡು ಕಟ್ಟಿ, ಬೇಸ್ ಗಿಟಾರ್ ನುಡಿಸುತ್ತ ಹಾಡುತ್ತಿದ್ದ. ಅವನ ಗೆಳೆಯ, ಎಲ್ಲರೂ 'ವೈರ್' ಎಂದು ಕರೆಯುವ ಎಲೆಕ್ಟ್ರಿಷಿಯನ್, ಗಿಟಾರ್ ಹಿಡಿದ. ಹೀಗೆ ಮೂವರ ರಾಕ್ ಬ್ಯಾಂಡ್ ಆಯಿತು.

ಆರು ವರ್ಷ ಸಣ್ಣಪುಟ್ಟ ವೇದಿಕೆಗಳಲ್ಲಿ ನುಡಿಸಿ, ಮೊದಲ ಆಲ್ಬಂ ಮಾಡಲು ಸ್ಟುಡಿಯೋಗೆ ಹೋದರು. ಒಂದು ಹಾಡು ಮುಗಿಯುತ್ತಲೇ ಸ್ಟುಡಿಯೋ ಮಾಲೀಕ ಹೆಡ್‌ಫೋನ್ ತೆಗೆದಿಟ್ಟು ತಮ್ಮನ ಕಡೆ ತಿರುಗಿದ.

"ನಡುವೆ ಒಂದು ಕಡೆ ನಿಮ್ಮ ಅಕ್ಕನ ಕೈ ತಾಳಕ್ಕಿಂತ ಮುಂದೆ ಓಡುತ್ತೆ. ಡ್ರಮ್ಸ್ ಕಂಪ್ಯೂಟರ್‌ನಲ್ಲೇ ಹಾಕಿಬಿಡೋಣ. ಯಾರಿಗೂ ಗೊತ್ತಾಗಲ್ಲ."

ತಮ್ಮ ನೆಲ ನೋಡಿದ.

"ಸ್ವಾಮಿ, ನಾನಿಲ್ಲೇ ಇದ್ದೀನಿ. ನನಗೇ ಹೇಳಿ," ಎಂದಳು ಪಂಕ್ಚರಕ್ಕ. "ಆ ಜಾಗದಲ್ಲಿ ಹಾಡಿಗೆ ಸಿಟ್ಟು ಬರುತ್ತೆ. ಸಿಟ್ಟು ಬಂದೋರು ಗಡಿಯಾರ ನೋಡ್ಕೊಂಡು ಬೈತಾರಾ?"

ಮಾಲೀಕ ನಕ್ಕ. ಅವಳು ಕೋಲುಗಳನ್ನು ಚೀಲಕ್ಕೆ ತುರುಕಿದಳು.

ವಾಪಸು ಬರುವಾಗ ತಮ್ಮ ಗೊಣಗಿದ: "ಸ್ವಲ್ಪ ತಗ್ಗಿದ್ರೆ ಏನು ಗಂಟು ಹೋಗ್ತಿತ್ತಕ್ಕಾ?"

"ಚಿಕ್ಕಂದಿನಿಂದ ಇದೇ ಮಾತು ಕೇಳಿದ್ದೀನಿ ಕಣೋ. ನಿನ್ನ ಬಾಯಿಂದ ಬೇಡ."

ನಾಲ್ಕು ದಿನ ಅವನು ಮಾತು ಬಿಟ್ಟ. ಐದನೆಯ ದಿನ ವೈರ್ ಜೊತೆ, ಹೆಗಲಿಗೆ ಕೇಬಲ್ ಸುರುಳಿ ಹಾಕಿಕೊಂಡು ಅಂಗಡಿಗೆ ಬಂದು ನಿಂತ. "ಇಲ್ಲೇ ರೆಕಾರ್ಡ್ ಮಾಡೋಣ. ಎಲ್ಲಿ ಕೂರ್ತೀಯ, ತೋರಿಸು."

ಹಳೆ ಟೈರುಗಳನ್ನು ಆಳೆತ್ತರ ಪೇರಿಸಿ ಸದ್ದು ಗೋಡೆಗೆ ಬಡಿದು ವಾಪಸು ಬಾರದಂತೆ ಮಾಡಿದರು. ತೊಲೆಗೆ ಮೈಕುಗಳನ್ನು ಕಟ್ಟಿದವನು ವೈರ್. ಪ್ರತಿ ಭಾನುವಾರ ಬೆಳಿಗ್ಗೆ ಷಟರ್ ಎಳೆದು, ರಬ್ಬರ್ ವಾಸನೆಯಲ್ಲಿ ಬೆವರಿಳಿಸುತ್ತ ನುಡಿಸಿದರು. ಮೊದಲ ದಿನವೇ ಹಾಡಿನ ನಡುವೆ ಗಾಳಿ ತುಂಬುವ ಕಂಪ್ರೆಸರ್ ತಾನಾಗಿಯೇ ಗುರ್ರ್ ಎಂದಿತು. ಅದರ ಸ್ವಿಚ್ ಆರಿಸಿದರು. ಹೊರಗೆ ಕುರ್ಚಿ ಹಾಕಿಕೊಂಡ ಅಪ್ಪನ ಬಾಯಿ ಆರಿಸಲು ಮಾತ್ರ ಸ್ವಿಚ್ ಇರಲಿಲ್ಲ. "ಇದು ಅಂಗಡಿ ಕಣ್ರೋ! ಕಿವಿ ತೂತು ಮಾಡೋ ಜಾಗ ಅಲ್ಲ!"

ಆರನೇ ಹಾಡಿನ ದಿನ ಯಾರೋ ಜೀಪಿನವನು ಹಾರ್ನ್ ಒತ್ತಿ, ಷಟರ್ ಬಡಿದ. ಅಪ್ಪ ಎದ್ದು ಅಡ್ಡ ನಿಂತರು.

"ಒಳಗೆ ನನ್ನ ಮಗಳು ಕೆಲಸದಲ್ಲಿದ್ದಾಳೆ."

"ಏನು ಕೆಲಸ? ಡಬ್ಬ ಬಡಿದ ಹಾಗಿದೆ!"

"ಹೌದು, ಬಡೀತಿದ್ದಾಳೆ. ನಿಂತು ಕೇಳೋದಾದ್ರೆ ಕೇಳಿ. ಇಲ್ಲಾಂದ್ರೆ ಗಾಡಿ ತಳ್ಕೊಂಡು ಹೋಗಿ."

ಹಾಡು ಮೆಲ್ಲಗಾಗಿದ್ದ ಹೊತ್ತು; ಟೈರುಗಳ ಹಿಂದೆ ಕೂತಿದ್ದವಳಿಗೆ ಅಷ್ಟೂ ಕೇಳಿಸಿತು. ಒಂದು ಏಟು ತಪ್ಪಿತು. "ಮತ್ತೆ ಮೊದಲಿಂದ," ಎಂದಳು.

ಹನ್ನೊಂದು ಭಾನುವಾರಕ್ಕೆ ಎಂಟು ಹಾಡು ಮುಗಿದವು. ಆಲ್ಬಂ ಹೊರಬಂದಾಗ ಆಕಾಶವೇನೂ ಕಳಚಿ ಬೀಳಲಿಲ್ಲ. ಪತ್ರಿಕೆಯೊಂದು 'ಡ್ರಮ್ಸ್‌ನಲ್ಲಿ ಶಿಸ್ತಿಲ್ಲ' ಎಂದು ಬರೆಯಿತು. ಅವಳು ಅದನ್ನು ಗಿರಾಕಿಗಳಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದಳು. ರೇಡಿಯೋದವರು ಫೋನ್ ಮಾಡಿ, ಒಂದೆರಡು ಕಡೆ ತಾಳ ಸರಿಮಾಡಿ ಕೊಟ್ಟರೆ ಪ್ರಸಾರ ಮಾಡ್ತೀವಿ ಅಂದರು. ಅಕ್ಕ ಬಾಯಿ ತೆರೆಯುವ ಮೊದಲೇ ತಮ್ಮ, "ಹಾಕೋದಾದ್ರೆ ಹಾಗೇ ಹಾಕಿ," ಎಂದು ಫೋನ್ ಇಟ್ಟ. ಅವರು ಹಾಕಲಿಲ್ಲ.

ಆದರೆ ಬಂದು ನುಡಿಸಿ ಎಂದು ಮೂರು ಊರುಗಳಿಂದ ಕರೆ ಬಂತು. ಹೊರಡುವ ದಿನ ಪಂಕ್ಚರಕ್ಕ ಷಟರ್ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: 'ನಾಲ್ಕು ದಿನ ಗಾಳಿ ಸಿಗುವುದಿಲ್ಲ.'